ಬೆರಳ ತುದಿಯ ಸಂಪಾದನೆ

ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ತಿಂಗಳಿಗೊಂದು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವ ಪದ್ಧತಿಯನ್ನು ನಾನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನಿಗೆ ಬೆಟ್ಟದ ಮೇಲೇನು ಕೆಲಸವೆಂದು ಕೇಳುವ ನಿಷ್ಠಾವಂತರು ಉಂಟು. ಅವರಿಗೆ ನನ್ನ ಉತ್ತರವಿಷ್ಟೆ: ಉಸಿರಿಗಾಗಿ ಹತ್ತುತ್ತೇನೆ, ನಂದಿಯ ಬಳಿ ಒಂದು ಗಳಿಗೆ ಕುಳಿತು ಇಳಿಯುತ್ತೇನೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೆಯ ಶತಮಾನದಲ್ಲಿ, ಆದ ಸಾವಿರ ಮೆಟ್ಟಿಲುಗಳಲ್ಲಿ ಸುಮಾರು ಏಳುನೂರನ್ನು ದಾಟಿದ ಮೇಲೆ ಏಕಶಿಲೆಯ ಆ ಮಹಾವೃಷಭನ ದರ್ಶನವಾಗುತ್ತದೆ. ಅಷ್ಟು ಹೊತ್ತಿಗೆ ಹುಡುಗರ ಗಲಾಟೆ ತಾನಾಗಿಯೇ ಅಡಗಿರುತ್ತದೆ. ಪಾಠ ಹೇಳುವುದಕ್ಕೆ ಅದಕ್ಕಿಂತ ಅನುಕೂಲವಾದ ಸ್ಥಳ ನನಗೆ ಸಿಕ್ಕಿಲ್ಲ.

ಕಳೆದ ಕಾರ್ತಿಕದಲ್ಲಿ ಅಲ್ಲಿ ಪಾಠ ಹೇಳಿಸಿಕೊಳ್ಳಬೇಕಾದ ಸರದಿ ನನ್ನದಾಯಿತು. ವಿದ್ಯಾರ್ಥಿನಿಲಯದ ಒಬ್ಬ ಹುಡುಗ, ಪಿಯುಸಿ ಓದುವವನು, ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದನು. ಅಪರಿಚಿತರೊಬ್ಬರಿಂದ ಬಂದ ಸಂದೇಶ. ಮನೆಯಲ್ಲಿಯೇ ಕುಳಿತು, ದಿನಕ್ಕೆ ಅರ್ಧ ಗಂಟೆ ದುಡಿದು, ಎರಡು ಮೂರು ಸಾವಿರ ರೂಪಾಯಿ ಸಂಪಾದಿಸಬಹುದಂತೆ. ಕೆಲಸವೇನೆಂದರೆ, ಅವರು ತೋರಿಸಿದ ವಿಡಿಯೋಗಳಿಗೆ ‘ಲೈಕ್’ ಒತ್ತುವುದು.

“ಗುರುಗಳೇ, ಕಾಯಕವಿಲ್ಲದೆ ಉಣ್ಣಬಾರದೆಂದು ತಾವು ಪಾಠ ಹೇಳುತ್ತೀರಿ. ಬೆರಳೂ ಕಾಯದ ಒಂದು ಅಂಗವೇ ತಾನೆ? ಬೆರಳಿನಿಂದ ಒತ್ತಿದರೆ ಅದು ಕಾಯಕವಾಗುವುದಿಲ್ಲವೆ?” ಎಂದನು.

ಜೊತೆಯ ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೊಳೆಯಲಿಲ್ಲ. ಅದು ಸೋಮಾರಿತನವೆಂದು ಗದರಿಸಿ ಕಳುಹಿಸುವುದು ಸುಲಭ. ಆದರೆ ಆ ಮಾತು ನಿಜವಲ್ಲ. ಕಛೇರಿಯ ಗುಮಾಸ್ತನು ದಿನವಿಡೀ ಬೆರಳಿನಿಂದಲೇ ಒತ್ತುತ್ತಾನೆ. ನಾನು ದುಡಿಯುವುದಾದರೂ ಏತರಿಂದ? ನಾಲಗೆಯಿಂದ. ಬೆವರು ಸುರಿದರೆ ಮಾತ್ರ ಕಾಯಕವೆಂದರೆ ನನ್ನ ಮೂವತ್ತು ವರ್ಷಗಳ ಉಪಾಧ್ಯಾಯವೃತ್ತಿಯನ್ನೇ ಕಾಯಕದ ಪಟ್ಟಿಯಿಂದ ತೆಗೆದುಹಾಕಬೇಕಾದೀತು. “ನೋಡಿ ಹೇಳುತ್ತೇನಪ್ಪ, ಅಲ್ಲಿಯವರೆಗೆ ನೀನು ಮುಟ್ಟಬೇಡ” ಎಂದು ಹೇಳಿ ಬೆಟ್ಟವಿಳಿದೆ.

ಇಲ್ಲಿ ವಾಚಕರ ಮುಂದೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಾನು ಪರೀಕ್ಷೆಗೆ ಇಳಿದದ್ದು ಕೇವಲ ಶಿಷ್ಯನ ಸಂಶಯಪರಿಹಾರಕ್ಕಾಗಿ ಎಂದರೆ ಅರ್ಧ ಸುಳ್ಳಾದೀತು. ಮನೆಯ ಮಾಳಿಗೆ ಸೋರುತ್ತಿತ್ತು. ಕಿರಿಯ ಮಗಳ ಕಾಲೇಜಿನ ಶುಲ್ಕ ತಲೆಯ ಮೇಲಿತ್ತು. ಮಠದ ಪಾಠಶಾಲೆಯ ಉಪಾಧ್ಯಾಯನ ಸಂಬಳವೆಷ್ಟೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿಯದ್ದೇನಲ್ಲ. ಜಿಜ್ಞಾಸೆ ಮುಂದೆ ನಡೆಯುತ್ತಿತ್ತು. ಆಸೆ ಅದರ ನೆರಳಾಗಿ ಹಿಂದೆ ಬರುತ್ತಿತ್ತು.

ಮೊದಲು ಹಿಡಿದದ್ದು ಹಸ್ತಪ್ರತಿಯನ್ನು ಟೈಪು ಮಾಡಿಕೊಡುವ ಕೆಲಸ. ಕೆಲಸ ಕೊಡುವ ಮೊದಲೇ ನೋಂದಣಿಯ ಶುಲ್ಕವೆಂದು 1,999 ರೂಪಾಯಿ ಕೇಳಿದರು. ಕೂಲಿಗೆ ಕರೆದವನೇ ಆಳಿನಿಂದ ಹಣ ಕೇಳುವುದನ್ನು ನಾನೆಂದೂ ಕಂಡಿರಲಿಲ್ಲ, ಬಿಟ್ಟೆ. ಅನಂತರ ಸಮೀಕ್ಷೆಗಳಿಗೆ ಉತ್ತರಿಸುವ ಕೆಲಸ. ಯಾವ ಸಾಬೂನು ಬಳಸುತ್ತೀರಿ, ಯಾವ ಕಾರು ಕೊಳ್ಳುವ ಯೋಚನೆ ಇದೆ ಎಂದು ನಲವತ್ತು ನಿಮಿಷ ಪ್ರಶ್ನಿಸಿ, ಏಳು ರೂಪಾಯಿಯನ್ನು ನನ್ನ ಲೆಕ್ಕಕ್ಕೆ ಬರೆದುಕೊಂಡರು. ಐನೂರು ಆಗುವವರೆಗೆ ಕೈಗೆ ಕೊಡುವುದಿಲ್ಲವಂತೆ. ಕಾರಿನ ವಿಷಯ ಕೇಳಿಸಿಕೊಂಡ ಸಂತೋಷವೇ ಲಾಭ. ಮೂರನೆಯದು ಯೂಟ್ಯೂಬ್. ಭಾಮಿನಿ ಷಟ್ಪದಿಯ ಮಾತ್ರಾಗಣಗಳನ್ನು ಕುರಿತು ಮಾತನಾಡಿ, ಮಗಳ ಕೈಯಿಂದ ಚಿತ್ರಿಸಿ ಹಾಕಿಸಿದೆ. ಅಲ್ಲಿ ಜಾಹೀರಾತಿನ ಹಣದಲ್ಲಿ ಪಾಲು ಬರಬೇಕಾದರೆ 1,000 ಚಂದಾದಾರರು ಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ ಜನರು ಒಟ್ಟು 4,000 ಗಂಟೆ ನೋಡಿರಬೇಕು. ನನ್ನ ಷಟ್ಪದಿಯನ್ನು 41 ಮಂದಿ ನೋಡಿದರು. ಅವರಲ್ಲಿ ಹೆಚ್ಚಿನವರು ನನ್ನ ವಿದ್ಯಾರ್ಥಿಗಳೇ. ಅವರೂ ಪರೀಕ್ಷೆಯ ಭಯದಿಂದ ನೋಡಿದವರು. ಆದರೂ ಈ ಮಾರ್ಗವನ್ನು ಹಳಿಯಲಾರೆ. ಅದು ನ್ಯಾಯವಾದ ಮಾರ್ಗ. ಆದರೆ ಸುಲಭವೆಂದು ಹೇಳಿದವರು ಅದನ್ನು ಮಾಡಿ ನೋಡಿದವರಲ್ಲ.

ಕೊನೆಗೆ ಹುಡುಗ ತೋರಿಸಿದ ಸಂದೇಶಕ್ಕೇ ಉತ್ತರ ಬರೆದೆ. ಅದು ವಾಟ್ಸಾಪಿನಲ್ಲಿ ಆರಂಭವಾಗಿ ಟೆಲಿಗ್ರಾಂ ಎಂಬ ಇನ್ನೊಂದು ಕಡೆಗೆ ನನ್ನನ್ನು ಕರೆದೊಯ್ದಿತು. ಮೂರು ವಿಡಿಯೋಗಳಿಗೆ ಲೈಕ್ ಒತ್ತಿ, ಒತ್ತಿದ್ದಕ್ಕೆ ಸಾಕ್ಷಿಯಾಗಿ ಸ್ಕ್ರೀನ್‌ಶಾಟ್ ಕಳುಹಿಸಿದೆ. ಐದು ನಿಮಿಷದೊಳಗೆ ನನ್ನ ಬ್ಯಾಂಕಿನ ಖಾತೆಗೆ 150 ರೂಪಾಯಿ ಬಂದಿತು. ನಿಜವಾದ ಹಣ! ಮರುದಿನ ಹತ್ತು ಲೈಕಿಗೆ 500. ಮೂರನೆಯ ದಿನ ಕೆಲಸದ ಸ್ವರೂಪ ಬದಲಾಯಿತು. ನಾನು 1,000 ರೂಪಾಯಿ ಕಳುಹಿಸಿದರೆ ಒಂದು ಗಂಟೆಯಲ್ಲಿ 1,300 ಆಗಿ ಹಿಂದಿರುಗುವುದೆಂದರು. ಅದು ರಾತ್ರಿ ಹನ್ನೊಂದರ ಸಮಯ. ಆ ಗುಂಪಿನಲ್ಲಿದ್ದ ಇತರರು ತಮಗೆ ಬಂದ ಹಣದ ಚಿತ್ರಗಳನ್ನು ಒಂದರ ಮೇಲೊಂದು ಹಾಕಿ, ಕೈಮುಗಿದು ಧನ್ಯವಾದ ಹೇಳುತ್ತಿದ್ದರು. ಕಳುಹಿಸಿದೆ. 1,300 ಬಂದಿತು.

ನಾಲ್ಕನೆಯ ದಿನ 8,000 ಕೇಳಿದರು. 11,200 ಕೊಡುವುದಾಗಿ ಮಾತು. ಕೈ ಮೊಬೈಲಿನ ಮೇಲಿತ್ತು. ಅಡಿಗೆಮನೆಯಿಂದ ಬಂದ ನನ್ನ ಮನೆಯವರು ಸುಮ್ಮನೆ ಒಂದು ಪ್ರಶ್ನೆ ಕೇಳಿದರು: “ಅಲ್ಲಾ ಅಂದ್ರೆ, ನೀವು ಹೆಬ್ಬೆಟ್ಟು ಒತ್ತಿದ್ದಕ್ಕೆ ಇಷ್ಟು ದುಡ್ಡು ಕೊಡ್ತಾರಲ್ಲ, ಅವರಿಗೆ ಎಲ್ಲಿಂದ ಬರುತ್ತೆ?” ನನಗೆ ತಿಳಿಯಲಿಲ್ಲ. ತಿಳಿಯದ್ದರಿಂದಲೇ ನಿಲ್ಲಿಸಿದೆ. ಹಣ ಕಳುಹಿಸಲಿಲ್ಲ, ಆ ಗುಂಪಿನಿಂದ ಹೊರಬಂದೆ.

ಲೆಕ್ಕ ಹಾಕಿದೆ. ಬಂದದ್ದು 1,950, ಹೋದದ್ದು 1,000, ಉಳಿದದ್ದು 950. ಮುಂದಿನ ಭಾನುವಾರ ನಂದಿಯ ಬಳಿ ಹುಡುಗರಿಗೆ ಈ ಕಥೆಯನ್ನು ಬಹು ಉತ್ಸಾಹದಿಂದ ಹೇಳಿದೆ. ಮೋಸಗಾರರ ಗಾಳದಿಂದ ಎರೆಯನ್ನು ಮಾತ್ರ ಕಚ್ಚಿಕೊಂಡು ಬಂದ ಮೀನು ನಾನೆಂಬ ಹೆಮ್ಮೆ ನನಗೆ. ಆ 950ರಲ್ಲಿ 500 ರೂಪಾಯಿಯನ್ನು ಮಠದ ದಾಸೋಹಕ್ಕೆ ಕೊಟ್ಟು ರಶೀದಿಯನ್ನೂ ಪಡೆದಿದ್ದೆ. ವಂಚಕರ ಹಣ ಸದ್ವಿನಿಯೋಗವಾಯಿತೆಂದು ಹೇಳಿಕೊಂಡೆ. ಈ ಲೇಖನವನ್ನು ಬರೆಯುವುದಕ್ಕೆ ಕಾರಣವಾದದ್ದು ಆ ಹೆಮ್ಮೆಯೇ ಹೊರತು ನಷ್ಟವಲ್ಲ.

ಮೂರು ವಾರಗಳ ತರುವಾಯ ಸಂಬಳದ ದಿನ ಬಂದಿತು. ಎಟಿಎಂ ಹಣ ಕೊಡಲಿಲ್ಲ. ಬ್ಯಾಂಕಿಗೆ ಹೋಗಿ ವಿಚಾರಿಸಿದರೆ, ಖಾತೆಯನ್ನು ತಡೆಹಿಡಿದಿದೆ ಎಂದರು. ಬೇರೊಂದು ಜಿಲ್ಲೆಯಲ್ಲಿ ಯಾರೋ 1930 ಎಂಬ ಸಹಾಯವಾಣಿಗೆ ದೂರು ಕೊಟ್ಟಿದ್ದಾರೆ. ಅವರು ಕಳೆದುಕೊಂಡ ಹಣ ಯಾವ ಯಾವ ಖಾತೆಗಳ ಮೂಲಕ ಹರಿಯಿತೆಂದು ಜಾಡು ಹಿಡಿದು ನೋಡಿದಾಗ, ಅದರ ಒಂದು ಕವಲು ನನ್ನ ಖಾತೆಯಲ್ಲಿ ಬಂದು ನಿಂತಿದೆ. ಮೊತ್ತ 1,300 ರೂಪಾಯಿ. “ಮೇಷ್ಟ್ರೇ, ತಮ್ಮಂಥವರು ಹೀಗೆ...” ಎಂದು ಆ ಅಧಿಕಾರಿ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಅವರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಅರ್ಧಕ್ಕೆ ನಿಂತ ಆ ವಾಕ್ಯವನ್ನು ನಾನು ಇಂದಿಗೂ ಪೂರ್ತಿ ಮಾಡಿಕೊಳ್ಳುತ್ತಿದ್ದೇನೆ.

ಆ ಜಿಲ್ಲೆಯ ಠಾಣೆಗೆ ಎರಡು ಬಾರಿ ಪತ್ರ ಬರೆದು, ಒಮ್ಮೆ ಹೋಗಿಯೂ ಬಂದೆ. ದೂರು ಕೊಟ್ಟವರ ಹೆಸರನ್ನು ನಾನು ಇಲ್ಲಿ ಬರೆಯುವಂತಿಲ್ಲ. ಹೊಲಿಗೆ ಯಂತ್ರವಿಟ್ಟುಕೊಂಡು ಜೀವನ ಮಾಡುವ ಹೆಣ್ಣುಮಗಳು ಎಂದರೆ ಸಾಕು. ನನಗೆ ಬಂದಂತೆಯೇ ಆಕೆಗೂ ಮೊದಲು ನೂರೈವತ್ತು ಬಂದಿತ್ತು. ಆಕೆ ನಿಲ್ಲಿಸಲಿಲ್ಲ. ಒಟ್ಟು 64,000 ರೂಪಾಯಿ ಕಳೆದುಕೊಂಡಳು. ಅದರೊಳಗಿನ 1,300 ಒಂದು ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಕೈಸೇರಿ, ಅದರಲ್ಲಿ ಸ್ವಲ್ಪ ದಾಸೋಹದ ಅಕ್ಕಿಯೂ ಆಗಿತ್ತು. ವಂಚಕರ ಹಣವೆಂದು ನಾನು ಹೇಳಿದೆನಲ್ಲವೆ? ವಂಚಕರ ಬಳಿ ಹಣವೆಲ್ಲಿಯದು? ಅವರು ನನಗೆ ಕೊಟ್ಟದ್ದು ಆಕೆಯ ಹಣವನ್ನು. ನಾನು ಕಳುಹಿಸಿದ ಸಾವಿರವೂ ಮತ್ತಾರದೋ ಖಾತೆಯಲ್ಲಿ ಎರೆಯಾಗಿ ಬಿದ್ದಿರಬೇಕು.

ಈ ವ್ಯವಹಾರದ ಮರ್ಮವೇ ಇದು. ಗೃಹಸ್ಥರಾದ ಭಕ್ತರು ಇದನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದು. 2010-11ರಲ್ಲಿ ಸ್ಪೀಕ್ ಏಷ್ಯಾ ಎಂಬ ಸಂಸ್ಥೆಯೊಂದಿತ್ತು. 11,000 ರೂಪಾಯಿ ಕಟ್ಟಿ ಸೇರಿದವರಿಗೆ ಮನೆಯಲ್ಲಿಯೇ ಸಮೀಕ್ಷೆ ತುಂಬುವ ಕೆಲಸ, ವಾರಕ್ಕೆ 1,000 ರೂಪಾಯಿ. ದೇಶದಾದ್ಯಂತ ಲಕ್ಷಾಂತರ ಜನ ಸೇರಿದರು. 2011ರಲ್ಲಿ ಅದು ಕುಸಿಯಿತು. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ನೋಯ್ಡಾದ ಸೋಷಿಯಲ್ ಟ್ರೇಡ್ ಎಂಬ ವ್ಯವಹಾರವನ್ನು ಹಿಡಿದರು. ಅಲ್ಲಿ ಒಂದು ಕ್ಲಿಕ್ಕಿಗೆ 5 ರೂಪಾಯಿ. ಪೊಲೀಸರು ಹೇಳಿದ ಮೊತ್ತ ಸುಮಾರು 3,700 ಕೋಟಿ. ನಮ್ಮ ಬೆಂಗಳೂರಿನಲ್ಲಿಯೇ 2023ರ ಸೆಪ್ಟೆಂಬರ್ ಕೊನೆಯಲ್ಲಿ ಆರು ಮಂದಿಯನ್ನು ಬಂಧಿಸಿದಾಗ, 84 ಬ್ಯಾಂಕ್ ಖಾತೆಗಳ ಮೂಲಕ 854 ಕೋಟಿ ರೂಪಾಯಿ ಹರಿದುಹೋದದ್ದು ಕಂಡುಬಂದಿತು. ಆ ಖಾತೆಗಳಲ್ಲಿ ಉಳಿದಿದ್ದದ್ದು ಸುಮಾರು 5 ಕೋಟಿ ಮಾತ್ರ. ಅಲ್ಲಿಯೂ ಆರಂಭವಾದದ್ದು ಸಾವಿರ, ಹತ್ತು ಸಾವಿರದ ಚಿಕ್ಕ ಚಿಕ್ಕ ಮೊತ್ತಗಳಿಂದ. ಅಲ್ಲಿಯೂ ವಾಟ್ಸಾಪು, ಟೆಲಿಗ್ರಾಂಗಳೇ ಬಾಗಿಲುಗಳು. ಇಂಥವುಗಳ ಒಳಗೆ ಯಾವ ಪದಾರ್ಥವೂ ಹುಟ್ಟುವುದಿಲ್ಲ. ಬಟ್ಟೆ ನೇಯುವುದಿಲ್ಲ, ಅಕ್ಕಿ ಬೆಳೆಯುವುದಿಲ್ಲ, ಯಾರ ರೋಗವೂ ವಾಸಿಯಾಗುವುದಿಲ್ಲ. ಹೀಗಿರಲು ಮೊದಲು ಬಂದವನ ಕೈಗೆ ಸಿಗುವ ಲಾಭ, ಹಿಂದೆ ಬರುವವನ ಜೇಬಿನಿಂದಲೇ ಬರಬೇಕು, ಬೇರೆ ದಾರಿಯಿಲ್ಲ.

ಮತ್ತೊಂದು ವಿಷಯವನ್ನು ಮಕ್ಕಳ ತಂದೆತಾಯಿಗಳ ಗಮನಕ್ಕೆ ತರಬೇಕಾಗಿದೆ. ವಂಚನೆಯ ಹಣ ಹರಿಯುವುದಕ್ಕೆ ಖಾತೆಗಳು ಬೇಕಷ್ಟೆ. ಅವುಗಳನ್ನು ವಂಚಕರು ವಿದ್ಯಾರ್ಥಿಗಳಿಂದ, ಬಡವರಿಂದ ಬಾಡಿಗೆಗೆ ಪಡೆಯುತ್ತಾರೆ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ ಕೊಟ್ಟರೆ ಕೆಲವು ಸಾವಿರ ಕೈಗೆ ಬರುತ್ತದೆ. ಹುಡುಗರು ಇದನ್ನೂ ಒಂದು ಸುಲಭ ಸಂಪಾದನೆಯೆಂದು ತಿಳಿದಿದ್ದಾರೆ. ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಅವರ ಮನೆಯನ್ನೇ. ಇನ್ನು ಆ ಕಡೆ ಕುಳಿತು ಸಂದೇಶ ಕಳುಹಿಸುವವರೆಲ್ಲರೂ ಸುಖವಾಗಿದ್ದಾರೆಂದೂ ತಿಳಿಯಬೇಡಿ. ಉದ್ಯೋಗದ ಆಸೆ ತೋರಿಸಿ ಮ್ಯಾನ್ಮಾರ್, ಕಾಂಬೋಡಿಯಗಳಿಗೆ ಕರೆದೊಯ್ದು, ಸೆರೆಯಲ್ಲಿಟ್ಟು ಇಂಥ ಕೆಲಸ ಮಾಡಿಸುವ ಕೂಟಗಳಿವೆ. 2025ರ ಮಾರ್ಚಿನಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ನಮ್ಮ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಬಿಡಿಸಿ ತಂದಿತು. ನನಗೆ ಪ್ರತಿದಿನ ‘ನಮಸ್ತೆ ಸರ್’ ಎಂದು ಬರೆಯುತ್ತಿದ್ದವನು ಯಾರ ಮಗನೋ!

ಈಗ ಧರ್ಮದ ಪ್ರಶ್ನೆಗೆ ಬರೋಣ. ನಾನು ಕಳ್ಳನಲ್ಲ. ಆಕೆಯನ್ನು ನಾನು ನೋಡಿರಲಿಲ್ಲ. ಆಕೆಯ ಹಣವೆಂದು ನನಗೆ ತಿಳಿದಿರಲಿಲ್ಲ. ಒತ್ತು ಎಂದದ್ದನ್ನು ಒತ್ತಿದೆ, ಕೊಟ್ಟದ್ದನ್ನು ತೆಗೆದುಕೊಂಡೆ. ಹೀಗಿರುವಾಗ ನನ್ನ ಮೇಲೆ ದೋಷವುಂಟೆ?

ಶರಣರ ಮಾತಿನ ಪತ್ರಿಕೆಯಲ್ಲಿ ಸ್ಮೃತಿಯ ವಿಚಾರವೇಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೂ ಇಲ್ಲಿ ಒಂದು ಹಳೆಯ ನೆನಪು ನನಗೆ ಬಹಳ ಉಪಕಾರಕ್ಕೆ ಬಂದಿತು. ಬಸವಣ್ಣನವರಿಗಿಂತ ಒಂದೆರಡು ತಲೆಮಾರು ಹಿಂದೆ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರಲ್ಲಿ ‘ಅಸ್ವಾಮಿವಿಕ್ರಯ’ವೆಂಬ ಒಂದು ಪ್ರಕರಣವಿದೆ, ಒಡೆಯನಲ್ಲದವನು ಮಾರಿದ ವಸ್ತುವಿನ ವಿಚಾರ. ಅಲ್ಲಿಯ ನಿರ್ಣಯದಂತೆ, ಮತ್ತೊಬ್ಬನು ಮಾರಿಬಿಟ್ಟ ತನ್ನ ವಸ್ತುವನ್ನು ಅದರ ಒಡೆಯನು ಕೊಂಡವನ ಕೈಯಿಂದಲೂ ಹಿಂದಕ್ಕೆ ಪಡೆಯುತ್ತಾನೆ. ಇಷ್ಟೇ ಅಲ್ಲ. ಅಂಥ ಸ್ವತ್ತು ಇರಲು ಸಾಧ್ಯವೇ ಇಲ್ಲದವನಿಂದ, ಗುಟ್ಟಾಗಿ, ತೀರ ಅಲ್ಪ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನಾದರೆ, ಆ ಕೊಂಡವನನ್ನೇ ಕಳ್ಳನೆಂದು ಎಣಿಸಬೇಕು. ತಿಳಿದಿರಲಿಲ್ಲವೆಂಬ ನೆಪಕ್ಕೆ ಅಲ್ಲಿ ಎಡೆಯಿಲ್ಲ. ತಿಳಿಯಬೇಕಾಗಿದ್ದ ಗುರುತುಗಳು ಎದುರಿಗೇ ಇದ್ದವಲ್ಲ!

ಒಂದೊಂದನ್ನೇ ನನ್ನ ಪ್ರಸಂಗಕ್ಕೆ ಹಚ್ಚಿ ನೋಡಿದೆ. ಕೊಡುವವನು ಯಾರು, ಅವನ ಆದಾಯವೇನು ಎಂಬುದು ನನಗೆ ಗೊತ್ತಿತ್ತೆ? ಇಲ್ಲ. ವ್ಯವಹಾರ ಬಹಿರಂಗವಾಗಿ ನಡೆಯಿತೆ? ಹೊರಗಿನವರಿಗೆ ಕಾಣದ ಗುಂಪಿನಲ್ಲಿ ನಡೆಯಿತು. ನಾನು ಕೊಟ್ಟ ಬೆಲೆಯೇನು? ಹೆಬ್ಬೆಟ್ಟಿನ ಹದಿಮೂರು ಒತ್ತುಗಳು. ಹೊತ್ತು? ರಾತ್ರಿ ಹನ್ನೊಂದು. ಸಾವಿರ ವರ್ಷದ ಹಿಂದಿನ ಪಂಡಿತನು ಮೊಬೈಲನ್ನು ಕಾಣದೆಯೇ ನನ್ನನ್ನು ಕಂಡುಬಿಟ್ಟಿದ್ದನು. ಆ ಗ್ರಂಥವನ್ನು ನಾನು ಎರಡು ಸಲ ಪಾಠ ಹೇಳಿದ್ದೇನೆ ಎಂಬುದು ಮತ್ತಷ್ಟು ನಾಚಿಕೆಯ ಸಂಗತಿ.

ಆದರೆ ಅದು ರಾಜನ ಧರ್ಮಾಸನದ ಅಳತೆ. ಒಡೆಯನು ಬಂದು ಕೇಳಿದರೆ ಕೊಡಬೇಕೆಂಬುದು ಅದರ ಮೇರೆ. ಅದೇ ಕಲ್ಯಾಣದಲ್ಲಿ ಅನಂತರ ಒಂದು ಗುಡಿಸಿಲಿನಲ್ಲಿ ಇನ್ನೂ ಸೂಕ್ಷ್ಮವಾದ ಅಳತೆಯೊಂದು ಹುಟ್ಟಿತು. ಅಮರೇಶ್ವರದಿಂದ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದರು. ಲಕ್ಕಮ್ಮನವರು ಅದನ್ನು ಒಲ್ಲದೆ, ಹೆಚ್ಚಾದುದನ್ನು ತಂದ ಜಾಗದಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಅಟ್ಟಿದರು.

ಈ ಪ್ರಸಂಗವನ್ನು ನಾವು ಆಸೆಯ ನಿರಾಕರಣೆಯೆಂದು ಮಾತ್ರ ವ್ಯಾಖ್ಯಾನಿಸುತ್ತ ಬಂದಿದ್ದೇವೆ. ನಾನೂ ಹಾಗೆಯೇ ಪಾಠ ಹೇಳಿದವನು. ಬ್ಯಾಂಕಿನ ಬೆಂಚಿನ ಮೇಲೆ ಕುಳಿತಾಗ ಬೇರೊಂದು ಅಂಶ ಹೊಳೆಯಿತು. ಆ ಅಕ್ಕಿಯನ್ನು ಯಾರೂ ಕಳವು ಮಾಡಿರಲಿಲ್ಲ. ಯಾರೂ ಬಂದು ಕೇಳಿರಲಿಲ್ಲ. ಅದು ದಾಸೋಹಕ್ಕೇ ಹೋಗುವಂಥದು, ಸ್ವಂತ ಭೋಗಕ್ಕಲ್ಲ. ಹಾಗಿದ್ದೂ ಆಕೆ ಕೇಳಿದ್ದು ಅಕ್ಕಿಯ ಉಪಯೋಗವನ್ನಲ್ಲ, ಅದರ ಅಳತೆಯನ್ನು. ಇಂದಿನ ದುಡಿಮೆ ನಿನ್ನೆಯಷ್ಟೇ. ಅಕ್ಕಿ ಮಾತ್ರ ಹೆಚ್ಚು ಏಕೆ? ಹೆಚ್ಚಾದ ಈ ಹಿಡಿ ಯಾರ ಪಾಲಿನದು? ನನ್ನ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದು ಇದೇ ಪ್ರಶ್ನೆಯನ್ನು. ಆಕೆ ಶಾಸ್ತ್ರ ಓದಿದವಳಲ್ಲ.

ದಾಸೋಹಕ್ಕೆ ಕೊಟ್ಟೆನೆಂಬ ಸಮಾಧಾನವೂ ಇಲ್ಲಿ ಮುರಿದು ಬೀಳುತ್ತದೆ. ಸದ್ವಿನಿಯೋಗದಿಂದ ಹಣ ಶುದ್ಧವಾಗುತ್ತದೆಂಬ ನಂಬಿಕೆ ನಮ್ಮ ಗೃಹಸ್ಥರಲ್ಲಿ ಬಲವಾಗಿದೆ. ಹೇಗಾದರೂ ಬರಲಿ, ಅದರಲ್ಲಿ ಇಷ್ಟು ಮಠಕ್ಕೆ, ಇಷ್ಟು ಜಾತ್ರೆಗೆ ಎಂದು ಎತ್ತಿಟ್ಟರೆ ಉಳಿದದ್ದು ತನ್ನದಾಯಿತೆಂಬ ಲೆಕ್ಕ. ಆದರೆ ಸತ್ಯಶುದ್ಧ ಕಾಯಕವೆಂಬ ಮಾತಿನಲ್ಲಿ ಶುದ್ಧಿ ಇರುವುದು ಬರುವ ಬಾಗಿಲಿನಲ್ಲಿ, ಹೋಗುವ ಬಾಗಿಲಿನಲ್ಲಲ್ಲ. ಹಾದಿಯಲ್ಲಿ ಬಿದ್ದ ಹೊನ್ನು, ವಸ್ತ್ರಗಳನ್ನು ಕೈಮುಟ್ಟಿ ಎತ್ತುವುದಿಲ್ಲವೆಂದು ಶಿವಶರಣೆ ಸತ್ಯಕ್ಕ ತೊಟ್ಟ ನೇಮದಲ್ಲಿ, ಎತ್ತಿ ಜಂಗಮಕ್ಕೆ ಕೊಟ್ಟರೆ ಆದೀತೆಂಬ ವಿನಾಯಿತಿಯೇನೂ ಇಲ್ಲ.

ಇಷ್ಟು ಹೇಳಿದುದರಿಂದ ನಾನು ಮೊಬೈಲಿನ ವೈರಿಯೆಂದಾಗಲಿ, ಸುಲಭವಾದುದೆಲ್ಲ ಪಾಪವೆನ್ನುತ್ತೇನೆಂದಾಗಲಿ ತಿಳಿಯಬಾರದು. ಬೆಟ್ಟಕ್ಕೆ ಮೆಟ್ಟಿಲೂ ಇದೆ, ಬಸ್ಸಿನ ರಸ್ತೆಯೂ ಇದೆ. ಮೊಣಕಾಲು ನೋವಿನ ಅಜ್ಜಿ ಬಸ್ಸಿನಲ್ಲಿ ಬಂದರೆ ಆಕೆಯ ದರ್ಶನ ಕಡಿಮೆಯಾಗುವುದಿಲ್ಲ. ಆಕೆ ಯಾರ ಮೆಟ್ಟಿಲನ್ನೂ ಕಿತ್ತುಕೊಂಡಿಲ್ಲ. ಮೆಟ್ಟಿಲ ಬಳಿ ಮಜ್ಜಿಗೆ ಮಾರುವ ಹೆಂಗಸು ತನ್ನ ಬುಟ್ಟಿಗೆ ಚೌಕುಳಿ ಗುರುತಿನ ಚೀಟಿಯೊಂದನ್ನು ಅಂಟಿಸಿದ್ದಾಳೆ. ಅದಕ್ಕೆ ಮೊಬೈಲು ತೋರಿಸಿದರೆ ಇಪ್ಪತ್ತು ರೂಪಾಯಿ ಆಕೆಗೆ ಸಲ್ಲುತ್ತದೆ. ನನಗೆ ಬಂದ ನೂರೈವತ್ತೂ ಬಂದದ್ದು ಅದೇ ಹಾದಿಯಲ್ಲಿ. ಹಾದಿ ಒಂದೇ, ಆದರೆ ಇಲ್ಲಿ ಒಂದು ಲೋಟ ಮಜ್ಜಿಗೆ ನನ್ನ ಹೊಟ್ಟೆಗೆ ಬಂದಿರುತ್ತದೆ.

ಅಂತರ್ಜಾಲದ ಮೂಲಕವೇ ನಡೆದ ಸತ್ಯಶುದ್ಧವಾದ ದುಡಿಮೆಗೂ ಉದಾಹರಣೆಯುಂಟು, ಅದೂ ನಮ್ಮ ಕನ್ನಡನಾಡಿನ ಹಳ್ಳಿಗಳಲ್ಲಿ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಆಲಹಳ್ಳಿ, ಚಿಲುಕವಾಡಿ ಎಂಬ ಊರುಗಳ ಜನರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಗಟ್ಟಿಯಾಗಿ ಓದಿಸಿ ಧ್ವನಿಯನ್ನು ಸಂಗ್ರಹಿಸಿತು. ಯಂತ್ರಗಳಿಗೆ ಕನ್ನಡ ಕಲಿಸುವುದಕ್ಕೆ ಅದು ಬೇಕಂತೆ. 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಇದನ್ನು ಕುರಿತು ವಿಸ್ತಾರವಾಗಿ ಬರೆಯಿತು. ಗಂಟೆಗೆ ಸುಮಾರು 5 ಡಾಲರ್, ಅಂದರೆ ನಾಲ್ಕುನೂರು ರೂಪಾಯಿಯಷ್ಟು ಕೂಲಿ. ಹೊಲದ ಕೂಲಿಗೆ ಹೋಲಿಸಿದರೆ ಅದು ಬಹಳ ಸುಲಭದ ದುಡಿಮೆಯೇ. ಆದರೆ ಕೊಡುವವನು ಯಾರು, ಏತಕ್ಕಾಗಿ ಕೊಡುತ್ತಾನೆ, ನಾನು ಕೊಟ್ಟದ್ದೇನು ಎಂಬ ಮೂರಕ್ಕೂ ಅಲ್ಲಿ ಉತ್ತರವಿತ್ತು. ಮತ್ತೂ ಒಂದು ವಿಶೇಷ: ಒಬ್ಬರಿಗೆ ಸುಮಾರು 1,500 ಡಾಲರ್ ಸಂದ ಮೇಲೆ ಕೆಲಸವನ್ನು ಮತ್ತೊಬ್ಬರಿಗೆ ಬಿಟ್ಟುಕೊಡಬೇಕೆಂಬ ಮಿತಿಯನ್ನು ಆ ಸಂಸ್ಥೆ ಇಟ್ಟಿತ್ತು. ಇದನ್ನು ಓದಿದಾಗ ನನಗೆ ಲಕ್ಕಮ್ಮನವರ ನೆನಪಾಯಿತು. ಮೇರೆಯೊಳಗಿನ ಅಕ್ಕಿ!

ಷೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್ ಎಂಬ ಆಟದ ವಿಚಾರವನ್ನೂ ಹಲವರು ನನ್ನಲ್ಲಿ ಕೇಳಿದ್ದಾರೆ. ಅದು ಕಾನೂನುಬದ್ಧವಾದದ್ದು, ಆದರೆ ಸೆಬಿ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೂರು ವರ್ಷಗಳಲ್ಲಿ ಅದರಲ್ಲಿ ತೊಡಗಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಹಣವಿಟ್ಟು ಆಡುವ ಮೊಬೈಲಿನ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿದೆ. ಅವುಗಳ ವಿಚಾರ ಇಷ್ಟು ಸಾಕು.

ಹತ್ತೊಂಬತ್ತು ದಿನಗಳ ಮೇಲೆ ನನ್ನ ಖಾತೆ ತೆರೆಯಿತು. ಆ 1,300 ರೂಪಾಯಿಯನ್ನು ದೂರುದಾರಳಿಗೆ ಒಪ್ಪಿಸಲು ನನ್ನ ಅಭ್ಯಂತರವಿಲ್ಲವೆಂದು ಬರೆದುಕೊಟ್ಟೆ. ಠಾಣೆಯಲ್ಲಿದ್ದ ಒಬ್ಬರು ಮರುಕದಿಂದ, “ನಿಮ್ಮದೂ ಸಾವಿರ ಹೋಗಿದೆಯಲ್ಲ, ಅದನ್ನು ಕಳೆದು ಮುನ್ನೂರು ಕೊಡುತ್ತೇನೆ ಎನ್ನಬಹುದು” ಎಂದು ಸೂಚಿಸಿದರು. ಯೋಚಿಸಿದೆ. ನನ್ನ ಸಾವಿರ ಹೋದದ್ದು ಮುನ್ನೂರರ ಆಸೆಗೆ, ಆಕೆಯಿಂದಲ್ಲ. ಅದನ್ನು ಆಕೆಯ ಲೆಕ್ಕದಲ್ಲಿ ಕಳೆಯುವುದು ಯಾವ ನ್ಯಾಯ? ಬೇಡವೆಂದೆ.

ಅಲ್ಲಿಂದ ಬಂದವನು ದಾಸೋಹದ ಉಸ್ತುವಾರಿ ನೋಡಿಕೊಳ್ಳುವ ಹಿರಿಯರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. “ಯಜಮಾನರೇ, ನನ್ನ ಐನೂರನ್ನು ಲೆಕ್ಕದಿಂದ ತೆಗೆದುಬಿಡಿ” ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. “ಉಂಡು ಹೋದವರ ಹೊಟ್ಟೆಯಿಂದ ಹೇಗೆ ತೆಗೆಯೋದು ಮೇಷ್ಟ್ರೇ? ಭಾನುವಾರ ಬೆಳಗ್ಗೆ ಬನ್ನಿ, ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಜನ ಸಾಲದು” ಎಂದರು. ಈಗ ನಾಲ್ಕು ಭಾನುವಾರಗಳಿಂದ ಹೋಗುತ್ತಿದ್ದೇನೆ. ಆ ಹುಡುಗನೂ ಬಂದು ಎದುರಿಗೆ ಕುಳಿತುಕೊಳ್ಳುತ್ತಾನೆ. ನನಗಿಂತ ಅವನ ಕಣ್ಣು ಚುರುಕು, ಬೆರಳೂ ಚುರುಕು.

ಕಳೆದ ವಾರ ಅವನೇ ಮೊರದಿಂದ ತಲೆಯೆತ್ತಿ ಕೇಳಿದನು: “ಗುರುಗಳೇ, 1,300ಕ್ಕೆ ಒಡತಿ ಸಿಕ್ಕಿದರು. ಮೊದಲು ಬಂದ ನೂರೈವತ್ತು, ಐನೂರು, ಅವು ಯಾರವು?”

ಅವು ಬೇರೆ ಎರಡು ಖಾತೆಗಳಿಂದ ಬಂದಿದ್ದವು. ಆ ಹೆಸರುಗಳು ಬಾಡಿಗೆ ಖಾತೆಗಳವೇ ಇರಬೇಕು. ಯಾರೂ ದೂರು ಕೊಟ್ಟಿಲ್ಲ. ಪೊಲೀಸರಿಗೂ ತಿಳಿಸಿದ್ದೇನೆ, ಅವರಲ್ಲಿಯೂ ಮಾಹಿತಿಯಿಲ್ಲ. ಮಾರಯ್ಯನವರಿಗಾದರೋ ಹಿಂದಿರುಗಿ ಹೋಗಿ ಚೆಲ್ಲಿ ಬರುವುದಕ್ಕೆ ಒಂದು ಅಂಗಳವಿತ್ತು. ನನ್ನ 650 ರೂಪಾಯಿಗೆ ಅಂಗಳವೆಲ್ಲಿ? ಅದನ್ನು ಬೇರೆ ಮಾಡಿ ಒಂದು ಲಕೋಟೆಯಲ್ಲಿಟ್ಟು, ಮೇಲೆ ದಿನಾಂಕ ಬರೆದು, ಪಾಠಶಾಲೆಯ ನನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಮಾಳಿಗೆ ಇನ್ನೂ ಸೋರುತ್ತಿದೆ. ತಿಳಿದ ಹಿರಿಯರು ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದು ದಾರಿ ತೋರಿಸಬೇಕಾಗಿ ಪ್ರಾರ್ಥನೆ.